ಹಿಕ್ಕೆಯನ್ನು ಹಕ್ಕಿ ಮಾಡಿದ ಯಂತ್ರ

ಹೋದ ವರ್ಷ ನನ್ನ ಅಂಗಡಿಗೆ ಹೊಸ ಕಂಪ್ಯೂಟರ್ ಬಂತು. ಬಂತು ಎನ್ನುವುದಕ್ಕಿಂತ ವಕ್ಕರಿಸಿತು ಎಂದರೆ ಸರಿ. ಅದಕ್ಕೂ ಮುಂಚಿನದು ಚೆನ್ನಾಗಿಯೇ ನಡೆಯುತ್ತಿತ್ತು. ಆದರೆ ಅರ್ಜಿ ತುಂಬುವ ಜಾಲತಾಣಗಳು ಒಂದೊಂದಾಗಿ ಅದರ ಮುಖಕ್ಕೆ ಬಾಗಿಲು ಹಾಕಿದವು. ನೀನು ಹಳಬ, ಒಳಗೆ ಬರಬೇಡ ಎಂದವು. ಕಡೂರಿನ ಬಸ್ ನಿಲ್ದಾಣದ ಹಿಂದಿನ ಸಾಲಿನಲ್ಲಿ ನನ್ನದೊಂದು ಟೈಪಿಂಗ್ ಅಂಗಡಿ. ಅರ್ಜಿ, ಅಫಿಡವಿಟ್ಟು, ಖಾತೆ ಬದಲಾವಣೆಯ ಕಾಗದ, ಲಗ್ನಪತ್ರಿಕೆ, ತಿಥಿ ಕಾರ್ಡು ಮಾಡಿಕೊಂಡು ಬದುಕಿದವಳು ನಾನು. ಬಾಗಿಲು ಹಾಕಿದರೆ ಆಗುತ್ತದೆಯೇ? ಹೊಸದನ್ನು ತಂದೆ.

ಈ ಹೊಸದಕ್ಕೆ ಬೆಳಗ್ಗೆ ಗುಂಡಿ ಒತ್ತಿದರೆ ಮೊದಲು ನನ್ನ ಮುಖ ನೋಡಬೇಕು. ನೋಡಿ, ನಾನು ನಾನೇ ಹೌದೋ ಅಲ್ಲವೋ ತೀರ್ಮಾನಿಸುತ್ತದೆ. ಕನ್ನಡಕ ಬದಲಿಸಿದ ದಿನ ಒಪ್ಪಲಿಲ್ಲ. ಆಮೇಲೆ ಯಾವುದೋ ದೇಶದ ಬೆಟ್ಟದ ಚಿತ್ರ ತೋರಿಸಿ, ಇದು ನಿಮಗೆ ಇಷ್ಟವಾಯಿತೇ ಎಂದು ಕೇಳುತ್ತದೆ. ಹೊರಗೆ ಮೂರು ಜನ ಕಾಗದ ಹಿಡಿದು ಬಸ್ಸಿಗೆ ಹೊತ್ತಾಯಿತೆಂದು ಬಡಕೊಳ್ಳುತ್ತಿರುತ್ತಾರೆ, ಇದು ಬೆಟ್ಟದ ಬಗ್ಗೆ ನನ್ನ ಅಭಿಪ್ರಾಯ ಕೇಳುತ್ತಿರುತ್ತದೆ. ಅದಾದ ಮೇಲೆ, ಸ್ವಲ್ಪ ತಾಳಿ, ನಿಮಗಾಗಿ ಹೊಸ ಸೌಲಭ್ಯಗಳನ್ನು ಸಿದ್ಧಪಡಿಸುತ್ತಿದ್ದೇವೆ ಎನ್ನುತ್ತದೆ. ಯಾರು ಕೇಳಿದ್ದರು? ಬಾಡಿಗೆಗೆ ಇಟ್ಟ ಆಳು ಯಜಮಾನಿಕೆ ಮಾಡಿದ ಹಾಗೆ.

ನನ್ನ ಮೊದಲ ಕಂಪ್ಯೂಟರಿಗೆ ಇಂಥ ವೈಯಾರ ಇರಲಿಲ್ಲ. ತರೀಕೆರೆಯಲ್ಲಿ ಟೈಪಿಂಗ್ ಕಲಿಸುತ್ತಿದ್ದ ಕಾಲದಲ್ಲಿ, ಮುಚ್ಚಿಹೋದ ಒಂದು ಕಚೇರಿಯಿಂದ ಕೈಬದಲಾಗಿ ಬಂದದ್ದು. ಆಗಲೇ ಅದು ಹಳೆಯದು. ಕರಿ ಪರದೆ, ಹಸಿರು ಅಕ್ಷರ. ಗುಂಡಿ ಒತ್ತಿದರೆ ಒಮ್ಮೆ ಪೀ ಎಂದು, ಏನು ಮಾಡಲಿ ಎಂಬಂತೆ ಒಂದು ಸಣ್ಣ ಗೆರೆ ಮಿಟುಕಿಸುತ್ತ ಕೂರುತ್ತಿತ್ತು. ನಾನು ಹೇಳುವವರೆಗೆ ಏನೂ ಮಾಡುತ್ತಿರಲಿಲ್ಲ. ಕನ್ನಡ ಬರೆಯುವ ತಂತ್ರಾಂಶ ಒಂದು ಫ್ಲಾಪಿಯಲ್ಲಿ, ಬರೆದದ್ದು ಇನ್ನೊಂದು ಫ್ಲಾಪಿಯಲ್ಲಿ. ಅಂಗೈಯಗಲದ ಆ ಚಪ್ಪಟೆ ಡಿಸ್ಕುಗಳನ್ನು ಸ್ಟೀಲ್ ಡಬ್ಬಿಯಲ್ಲಿ ಹಾಕಿ ಮುಚ್ಚಳ ಬಿಗಿದರೆ ನನ್ನ ಪ್ರಪಂಚವೆಲ್ಲ ಭದ್ರ ಎಂದುಕೊಂಡಿದ್ದೆ. ಆ ಯಂತ್ರವನ್ನು ಮಾತ್ರ, ಜಾಗ ಸಾಲದೆಂದು, ನಾನೇ ಗುಜರಿಯವನ ಗಾಡಿಗೆ ಎತ್ತಿ ಹಾಕಿದ್ದೆ. ಈಗ ಅದನ್ನು ಹೊಗಳುವಾಗ ಇದನ್ನೂ ಹೇಳಬೇಕಲ್ಲ.

ಆ ಯಂತ್ರದಲ್ಲಿ ನಾನು ಮಾಡಿದ ಒಂದೇ ಒಂದು ದೊಡ್ಡ ಕೆಲಸ ಕಾಂಪೌಂಡರ ಪುಸ್ತಕ. ಅವರು ಯಗಟಿ ಕಡೆಯವರು. ಪಶು ಆಸ್ಪತ್ರೆಯಲ್ಲಿ ಕಾಂಪೌಂಡರಾಗಿ ಮೂವತ್ತು ವರ್ಷ ದುಡಿದವರು. ಕುರಿಗಳಿಗೆ ಬರುವ ಬೇನೆಗಳು, ಅವಕ್ಕೆ ನಮ್ಮ ಕಡೆಯ ಹೆಸರುಗಳು, ಗುರುತು ಹಿಡಿಯುವ ಬಗೆ, ಕುರಿಗಾರರು ಮಾಡಿಕೊಂಡು ಬಂದ ಮದ್ದು, ಅದರಲ್ಲಿ ಯಾವುದು ನಿಜ ಯಾವುದು ಬೊಗಳೆ ಎಲ್ಲವನ್ನೂ ಊರೂರು ತಿರುಗಿ ನೋಟ್ ಬುಕ್ಕುಗಳಲ್ಲಿ ಬರೆದಿದ್ದರು. ಇಪ್ಪತ್ತೈದು ವರ್ಷದ ಹಿಂದೆ ಅವರು ಹೇಳುತ್ತ ಹೋದರು, ನಾನು ಟೈಪ್ ಮಾಡುತ್ತ ಹೋದೆ. ಕುರಿ ಸಿಡುಬಿನ ಅಧ್ಯಾಯವನ್ನು ಮೂರು ಸಲ ಹೇಳಿದರು. ಎರಡು ಸಲ ಕರೆಂಟು ಹೋಗಿ ಎಲ್ಲ ಅಳಿಸಿಹೋಗಿತ್ತು. ಮೂರನೆಯ ಸಲ ಅವರು ನನ್ನ ಮುಖ ನೋಡದೆ ಕಿಟಕಿಯ ಕಡೆ ತಿರುಗಿ ಹೇಳಿದ್ದು ನೆನಪಿದೆ. ಕೊನೆಗೆ ಒಂದು ಪ್ರತಿ ಮುದ್ರಿಸಿದೆವು. ಅದನ್ನೂ ನೋಟ್ ಬುಕ್ಕುಗಳನ್ನೂ ಒಬ್ಬ ಅಧಿಕಾರಿ, ನಾನು ಪ್ರಕಟ ಮಾಡಿಸುತ್ತೇನೆ ಎಂದು ಒಯ್ದ. ಅವನಿಗೆ ವರ್ಗವಾಯಿತು. ಪುಸ್ತಕಕ್ಕೂ ಆಯಿತು.

ಹೋದ ಶ್ರಾವಣದಲ್ಲಿ ಅದೇ ಕಾಂಪೌಂಡರು ಯಗಟಿ ಬಸ್ಸಿಳಿದು, ಗೋಡೆ ಹಿಡಿದುಕೊಂಡು, ನನ್ನ ಅಂಗಡಿಯ ಮೆಟ್ಟಿಲು ಹತ್ತಿದರು. ಎಂಬತ್ತು ದಾಟಿದೆ. ಕಣ್ಣು ಪೂರಾ ಮಂಜು.

"ಟೀಚರಮ್ಮ ಇದೀಯೇನಮ್ಮಾ?"

"ಇದೀನಿ ಬನ್ನಿ, ಕೂತ್ಕೊಳಿ."

"ಕೂರಕ್ಕೆ ಬಂದಿಲ್ಲ. ನನ್ ಕುರಿ ಪುಸ್ತ್ಕ ನಿನ್ ಡಬ್ಬೀಲಿ ಐತೋ ಇಲ್ವೋ?"

ಇದೆ ಎಂದೆ. ಯಾಕೆ ಈಗ ಎಂದು ಕೇಳಿದೆ.

"ನಮ್ಮೂರ್ ಹುಡುಗ್ರು ಮೊಬೈಲ್ ನೋಡ್ಕೊಂಡು ಕುರಿಗೆ ಔಷ್ದಿ ಹಾಕ್ತಾವೆ ಕಣಮ್ಮ. ಯಾವನೋ ಎಲ್ಲೋ ಕೂತ್ಕೊಂಡು ಹೇಳ್ತಾನೆ, ಇವು ಇಲ್ಲಿ ಕುರಿ ಸಾಯಿಸ್ತಾವೆ. ನಾ ಹೇಳಿದ್ರೆ, ಅಜ್ಜ ನಿಂಗೆ ಕಣ್ಣು ಕಾಣಲ್ಲ ಸುಮ್ನಿರು ಅಂತಾವೆ. ಅಚ್ಚಾದ್ರೆ ನಂಬ್ತಾವೆ. ಅಚ್ಚು ಮಾಡ್ಸು."

ಹೆಮ್ಮೆಯಿಂದ ಡಬ್ಬಿ ತೆಗೆದೆ. ಆರು ಫ್ಲಾಪಿ: ಒಂದು ತಂತ್ರಾಂಶದ್ದು, ಐದು ಪುಸ್ತಕದ್ದು. ಇಟ್ಟ ಹಾಗೆಯೇ ಇದ್ದವು. ಆದರೆ ಹೊಸ ಯಂತ್ರಕ್ಕೆ ಅವನ್ನು ತುರುಕುವ ಬಾಯಿಯೇ ಇಲ್ಲ. ಹೊರಗಿನಿಂದ ಚುಚ್ಚುವ, ಫ್ಲಾಪಿ ಓದುವ ಒಂದು ಪೆಟ್ಟಿಗೆಯನ್ನು ಅಂಚೆಯಲ್ಲಿ ತರಿಸಿದೆ. ಅದು ಬಂದ ದಿನ ಕಾಂಪೌಂಡರೂ ಬಂದು ಕೂತರು. ಮೊದಲ ಫ್ಲಾಪಿ ಹಾಕಿದ ಕೂಡಲೆ ಯಂತ್ರ ಕೇಳಿತು: ಇದನ್ನು ಬಳಸುವ ಮೊದಲು ಫಾರ್ಮ್ಯಾಟ್ ಮಾಡಬೇಕು, ಮಾಡಲೇ? ಅಂದರೆ ಇದರಲ್ಲಿರುವುದನ್ನೆಲ್ಲ ಒರೆಸಿ ಹಾಕಲೇ ಎಂದು. ಮನೆಗೆ ಬಂದ ನೆಂಟರನ್ನು, ನಿಮ್ಮನ್ನು ಕೊಂದು ಒಳಗೆ ಬಿಟ್ಟುಕೊಳ್ಳಲೇ ಎಂದು ಕೇಳಿದ ಹಾಗೆ. ತಕ್ಷಣ ಫ್ಲಾಪಿಯನ್ನು ಎಳೆದುಕೊಂಡೆ. ಎರಡನೆಯದನ್ನು ಒಪ್ಪಿಕೊಂಡು ತೆರೆಯಿತು. ಪರದೆಯ ತುಂಬ ಟೋಪಿ ಹಾಕಿದ ಇಂಗ್ಲಿಷ್ ಅಕ್ಷರಗಳು, ಚೌಕಗಳು, ಪ್ರಶ್ನೆಚಿಹ್ನೆಗಳು. ಒಂದು ಕನ್ನಡ ಅಕ್ಷರವಿಲ್ಲ. ಹಳೆಯ ತಂತ್ರಾಂಶವನ್ನೇ ಓಡಿಸೋಣವೆಂದರೆ, ಇದು ನಿಮ್ಮ ಯಂತ್ರದಲ್ಲಿ ನಡೆಯುವುದಿಲ್ಲ ಎಂದಿತು. ಕೋಟಿ ಕೆಲಸ ಒಟ್ಟಿಗೆ ಮಾಡುತ್ತೇನೆಂದು ಡಬ್ಬದ ಮೇಲೆ ಬರೆಸಿಕೊಂಡು ಬಂದದ್ದಕ್ಕೆ, ತನ್ನ ಅಜ್ಜ ಬರೆದ ಒಂದು ಪುಟ ಓದಲು ಬಾರದು.

"ಬಂತಾ?" ಎಂದರು ಕಾಂಪೌಂಡರು.

"ಇಲ್ಲ. ಹಳೇ ಕಂಪ್ಯೂಟರ್ರೇ ಬೇಕು. ಹುಡುಕ್ತೀನಿ."

ತರೀಕೆರೆಯಲ್ಲಿ ಒಬ್ಬರು ಹಳೆಯ ಕಂಪ್ಯೂಟರುಗಳನ್ನು ಕೂಡಿಟ್ಟಿದ್ದಾರೆಂದು ಕೇಳಿದ್ದೆ. ಅನುಕೂಲಸ್ಥರು. ಮೊಬೈಲಿನಲ್ಲಿ ಹಳೆಯ ಯಂತ್ರಪ್ರಿಯರ ಗುಂಪೊಂದನ್ನು ನಡೆಸುತ್ತಾರೆ. ಅದರಲ್ಲಿ ನಾನೂ ಇದ್ದೆ. ದಿನಾ ಯಾರಾದರೊಬ್ಬರು ಹಳೆಯ ಪರದೆಯ ಚಿತ್ರ ಹಾಕಿ, ಆಹಾ ಆ ದಿನಗಳು ಎಂದು ನಿಟ್ಟುಸಿರು ಬಿಡುತ್ತಿದ್ದರು. ನಾನೂ ಬಿಟ್ಟಿದ್ದೇನೆ, ಸುಳ್ಳು ಹೇಳಬಾರದು. ಡಬ್ಬಿ ಚೀಲದಲ್ಲಿಟ್ಟುಕೊಂಡು ಬೀರೂರಿನ ಮೇಲೆ ಹೋಗುವ ಬಸ್ಸು ಹತ್ತಿದೆ.

ಅವರ ಮನೆಯ ನಡುಮನೆಯೇ ಪ್ರದರ್ಶನ. ಗಾಜಿನ ಕಪಾಟುಗಳಲ್ಲಿ ಸಾಲಾಗಿ ಹನ್ನೆರಡು ಯಂತ್ರ, ಒಂದೊಂದರ ಮೇಲೂ ಒಂದು ದೀಪ. ಧೂಳಿಲ್ಲ, ಜೇಡವಿಲ್ಲ. ಅವುಗಳಲ್ಲೊಂದು ನನ್ನದರ ಒಡಹುಟ್ಟು. ನೋಡಿದ್ದೇ ಕೈ ಚಾಚಿದೆ.

"ಮುಟ್ಬೇಡಿ ಮೇಡಂ," ಎಂದರು. "ಈಗ ತಾನೆ ಪಾಲಿಶ್ ಮಾಡ್ಸಿದೀನಿ."

"ಸ್ವಲ್ಪ ಆನ್ ಮಾಡ್ತೀರಾ? ಒಂದು ಫ್ಲಾಪಿ ನೋಡ್ಬೇಕಿತ್ತು."

ಅವರು ನನ್ನನ್ನು ಅಯ್ಯೋ ಪಾಪ ಎಂಬಂತೆ ನೋಡಿದರು. "ಆನ್ ಆಗಲ್ಲ. ಒಳಗಡೆ ಏನಿಲ್ಲ. ಪರದೆ ಹಿಂದೆ ಎಲ್‌ಇಡಿ ಕೂರ್ಸಿದೀನಿ, ಹಸಿರು ಬೆಳಕು ಬರುತ್ತೆ. ನೋಡಿ." ಗೋಡೆಯ ಸ್ವಿಚ್ಚು ಒತ್ತಿದರು. ಪರದೆ ಹಸಿರಾಗಿ ಹೊಳೆಯಿತು. ಮದುವೆ ಮನೆಯ ಸೀರಿಯಲ್ ಸೆಟ್ಟಿನಂತೆ. "ಫೀಲ್ ಬರುತ್ತಲ್ವಾ ಮೇಡಂ? ಅದೇ ಮುಖ್ಯ."

"ಎಲ್ಲದ್ರದ್ದೂ ಹೊಟ್ಟೆ ಖಾಲೀನಾ?"

"ಎಲ್ಲದ್ರದ್ದೂ. ತೂಕ ಜಾಸ್ತಿ, ಕಪಾಟು ಕುಸಿಯುತ್ತೆ."

ಹನ್ನೆರಡು ಯಂತ್ರಗಳ ಕರುಳು ಬಗೆದು ಸಿಂಗಾರ ಮಾಡಿಟ್ಟು, ಅದಕ್ಕೆ ಹಳೆಯದರ ಮೇಲಿನ ಪ್ರೀತಿ ಎಂದು ಹೆಸರು. ಇದಕ್ಕಿಂತ ನನ್ನ ಗುಜರಿಯವನು ವಾಸಿ. ಅವನು ತೂಕಕ್ಕೆ ಕೊಂಡ, ಪ್ರೀತಿಯ ಮಾತಾಡಲಿಲ್ಲ. ಕಾಫಿ ಕೊಟ್ಟರು, ಕುಡಿದೆ. ಏಳುವಾಗ ಅವರೇ ಬೇಸರದಿಂದ ಒಂದು ಮಾತು ಹೇಳಿದರು:

"ಅಜ್ಜಂಪುರದಲ್ಲಿ ಒಂದಿದೆ ಮೇಡಂ, ಇನ್ನೂ ವರ್ಕಿಂಗು. ಈರುಳ್ಳಿ ಲಾರಿ ತೂಗೋ ವೇಬ್ರಿಡ್ಜಲ್ಲಿ. ಎಷ್ಟು ಕೇಳಿದ್ರೂ ಆ ಹೆಂಗಸು ಕೊಡ್ಲಿಲ್ಲ. ಅದರ ಬೆಲೆ ಅವ್ರಿಗೇನು ಗೊತ್ತು, ಎಣ್ಣೆ ಕೈಯಲ್ಲೇ ಮುಟ್ತಾರೆ."

ಮನೆ ತಲಪುವ ಮೊದಲೇ, ಬಸ್ಸಿನಲ್ಲೇ, ಆ ಗುಂಪಿನಿಂದ ಹೊರಬಂದೆ.

ಮರುವಾರ ಕಾಂಪೌಂಡರನ್ನೂ ಕರೆದುಕೊಂಡು ಅಜ್ಜಂಪುರಕ್ಕೆ ಹೋದೆ. ಬೇಡವೆಂದರೂ ಕೇಳಲಿಲ್ಲ, ನನ್ ಪುಸ್ತ್ಕ ನಾನೇ ಬತ್ತೀನಿ ಎಂದರು. ರಸ್ತೆ ಪಕ್ಕದ ತೂಕದ ಸೇತುವೆ, ಅದರ ಅಂಚಿಗೆ ತಗಡಿನ ಕೋಣೆ. ಒಳಗೆ ನಡುವಯಸ್ಸಿನ ಹೆಂಗಸೊಬ್ಬಳು ಎಲೆ ಅಡಿಕೆ ಜಗಿಯುತ್ತ ಕೂತಿದ್ದಳು. ಅವಳ ಮುಂದೆ ಆ ಯಂತ್ರ. ಬಿಳಿ ಬಣ್ಣ ಬೆಲ್ಲದ ಬಣ್ಣವಾಗಿತ್ತು. ಕೀಲಿಗಳ ಮೇಲಿನ ಅಕ್ಷರ ಸವೆದುಹೋಗಿತ್ತು. ಪಕ್ಕದಲ್ಲಿ ಚೀಟಿ ಹೊಡೆಯುವ ಪ್ರಿಂಟರು, ರಿಬ್ಬನ್ನಿನದು. ನೋಡಿದರೆ ಯಾರಿಗೂ ಯಾವ ಫೀಲೂ ಬರುವಂತಿರಲಿಲ್ಲ. ಬದುಕಿತ್ತು, ಅಷ್ಟೆ.

ಬಂದ ಕೆಲಸ ಹೇಳಿದೆ. ಅವಳು ನನ್ನನ್ನು ಬಿಟ್ಟು ಕಾಂಪೌಂಡರ ಮುಖ ನೋಡಿದಳು.

"ಕುರಿ ಡಾಕ್ಟ್ರಾ ನೀವು?"

"ಡಾಕ್ಟ್ರಲ್ಲ ಕಣವ್ವ. ಡಾಕ್ಟ್ರ ಹಿಂದೆ ಚೀಲ ಹಿಡ್ಕೊಂಡು ಹೋಗೋನು. ಡಾಕ್ಟ್ರಿಗೆ ಗೊತ್ತಿಲ್ದಿದ್ದು ಕಿವೀಲಿ ಹೇಳೋನು."

ಅವಳು ನಕ್ಕಳು. "ನಮ್ಮಪ್ಪನೂ ಕುರಿ ಕಾಯ್ತಿದ್ದೋರೆಯಾ. ಹಾಕ್ರಿ ನಿಮ್ದು. ಲಾರಿ ಬಂದ್ರೆ ಮಾತ್ರ ಎದ್ ಬಿಡ್ಬೇಕು, ಹಾಂ."

ತಂತ್ರಾಂಶದ ಫ್ಲಾಪಿ ಹಾಕಿದೆ. ಯಂತ್ರ ಸ್ವಲ್ಪ ಹೊತ್ತು ಗರ್ ಗರ್ ಎಂದು ಗಂಟಲು ಸರಿಮಾಡಿಕೊಂಡಿತು. ಆಮೇಲೆ ಕರಿ ಪರದೆಯಲ್ಲಿ ಕನ್ನಡ ಬಂತು, ದಪ್ಪ, ಒರಟು, ಮೂಲೆ ಮೂಲೆಯಾದ ಕನ್ನಡ. 'ಕುರಿ ಸಾಕುವವರು ಮೊದಲು ಕುರಿಯನ್ನು ನೋಡಲು ಕಲಿಯಬೇಕು' ಎಂಬ ಮೊದಲ ಸಾಲನ್ನು ಗಟ್ಟಿಯಾಗಿ ಓದಿದೆ. ಕಾಂಪೌಂಡರು ತಗಡಿನ ಗೋಡೆಗೆ ಒರಗಿ ಕೂತಿದ್ದವರು ಟವಲಿನಿಂದ ಬಾಯಿ ಒರೆಸಿಕೊಂಡರು.

ಆ ಯಂತ್ರದಿಂದ ಬೇರೆ ಯಾವುದಕ್ಕೂ ಸಾಗಿಸುವ ದಾರಿಯಿರಲಿಲ್ಲ. ಆದ್ದರಿಂದ ಅಲ್ಲೇ ಮುದ್ರಿಸಲು ಶುರು ಮಾಡಿದೆ. ಎರಡು ಪುಟ ಆಗುವಷ್ಟರಲ್ಲಿ ಲಾರಿ ಬರುತ್ತಿತ್ತು. ನಾನು ಫ್ಲಾಪಿ ತೆಗೆದು ಎದ್ದು ನಿಲ್ಲುತ್ತಿದ್ದೆ. ಅವಳು ಕೂತು ತೂಕ ಹಾಕಿ ಚೀಟಿ ಹರಿದುಕೊಟ್ಟು ಏಳುತ್ತಿದ್ದಳು. ಮತ್ತೆ ನಾನು. ಲಾರಿಯವನೊಬ್ಬ ಹಿಂದಿನ ಪುಟದ ತುದಿ ಸೇರಿಸಿ ಹರಿದುಕೊಂಡು, "ಇದೇನ್ರೀ ಈರುಳ್ಳಿ ಚೀಟೀಲಿ ಟಗರಿನ ಜ್ವರ ಅಂತ ಐತೆ!" ಎಂದು ವಾಪಸು ಬಂದ. ಹೀಗೆ ಸಂಜೆಯವರೆಗೆ ನಾಲ್ಕು ಫ್ಲಾಪಿ ಮುಗಿದವು. ಐದನೆಯದನ್ನು ಹಾಕಿದರೆ ಯಂತ್ರ ಕಟ್ ಕಟ್ ಎಂದು ಕೆರೆದು, ಓದಲಾಗದು ಎಂದು ಒಂದೇ ಸಾಲು ಬರೆದು ನಿಂತಿತು. ತೆಗೆದು ಒರೆಸಿ ಮತ್ತೆ ಹಾಕಿದೆ. ಹತ್ತು ಸಲ. ಅದರೊಳಗಿನ ಕರಿ ತಟ್ಟೆಯ ಮೇಲೆ ಬೂಷ್ಟು ಹಿಡಿದಿತ್ತು. ಕಾಲು ಮತ್ತು ಗೊರಸಿನ ರೋಗಗಳ ಭಾಗ ಪೂರಾ ಹೋಯಿತು.

ನನಗೆ ಅಳು ಬಂತು. ಇಷ್ಟು ವರ್ಷ ಡಬ್ಬಿ ಭದ್ರ ಎಂದುಕೊಂಡು ಒಮ್ಮೆಯೂ ತೆರೆದು ನೋಡಿರಲಿಲ್ಲ. ಹೊಸದನ್ನು ಬೈಯುವ ಭರದಲ್ಲಿ ಹಳೆಯದು ಕೊಳೆಯುತ್ತದೆಂಬುದನ್ನೇ ಮರೆತಿದ್ದೆ.

"ಹೋಯ್ತಾ? ಹೋಗ್ಲಿ ಬಿಡು," ಎಂದರು ಕಾಂಪೌಂಡರು. "ಡಬ್ಬೀಲಿರೋದು ಹೋಯ್ತು. ತಲೇಲಿರೋದು ಐತಲ್ಲ. ಬರ್ಕೋ ಮತ್ತೆ."

ಇನ್ನು ಆ ಮುದ್ರಿಸಿದ ಪುಟಗಳನ್ನೆಲ್ಲ ಅಂಗಡಿಯ ಹೊಸ ಯಂತ್ರದಲ್ಲಿ ಮತ್ತೆ ಟೈಪ್ ಮಾಡಬೇಕು. ಅಲ್ಲಿಂದ ನನಗೂ ಅದಕ್ಕೂ ಯುದ್ಧವಾಯಿತು. ನಾನು ಟೈಪ್ ಮಾಡಿದ ಪ್ರತಿ ಎರಡನೆಯ ಪದಕ್ಕೂ ಅದು ಕೆಂಪು ಗೆರೆ ಎಳೆಯಿತು. ಅಷ್ಟಕ್ಕೇ ಬಿಟ್ಟಿದ್ದರೆ ಕ್ಷಮಿಸುತ್ತಿದ್ದೆ. ತಾನೇ ತಿದ್ದಲು ಹೊರಟಿತು. ಕರುಳುಬೇನೆ ಎಂದು ಬರೆದರೆ 'ಕರುಳು ಬೇಗನೆ' ಮಾಡಿತು. ಕುರಿ ಹಾಕುವ ಹಿಕ್ಕೆಯನ್ನು ಹಕ್ಕಿ ಮಾಡಿತು. ಮೂರು ಪುಟವಾದ ಮೇಲೆ ನೋಡುತ್ತೇನೆ: 'ಬೆಳಗ್ಗೆ ಎದ್ದ ಕೂಡಲೆ ಹಕ್ಕಿಯನ್ನು ಕೈಯಲ್ಲಿ ಹಿಸುಕಿ ನೋಡಬೇಕು. ಹಕ್ಕಿ ನೀರಾಗಿದ್ದರೆ ಜಂತುಹುಳ ಇದೆ ಎಂದು ತಿಳಿಯಬೇಕು.' ಕಾಂಪೌಂಡರಿಗೆ ಓದಿ ಹೇಳಿದಾಗ ಕೆಮ್ಮು ಬರುವವರೆಗೆ ನಕ್ಕರು. ನನಗೆ ನಗು ಬರಲಿಲ್ಲ. ಒಬ್ಬ ಮನುಷ್ಯ ಮೂವತ್ತು ವರ್ಷ ಹಟ್ಟಿಗಳಲ್ಲಿ ಬಗ್ಗಿ ಹಿಕ್ಕೆ ಹಿಸುಕಿ ಕಲಿತದ್ದನ್ನು, ಒಂದು ಕುರಿಯನ್ನೂ ಕಾಣದ ಡಬ್ಬ ತಿದ್ದಬೇಕೇ?

ಅರವತ್ತನೆಯ ಪುಟಕ್ಕೆ ಬಂದಾಗ ಪರದೆಯ ಮೂಲೆಯಲ್ಲಿ ಒಂದು ಬುಗ್ಗೆ ಎದ್ದಿತು. ಈ ಬರಹ ಉದ್ದವಾಗಿದೆ, ನಿಮಗೆ ಸಾರಾಂಶ ಬೇಕೇ? ಮೂರೇ ಸಾಲಿನಲ್ಲಿ ಕೊಡುತ್ತೇನೆ ಎಂದಿತು. ಕೊಡು ನೋಡೋಣ ಎಂದು ಒತ್ತಿದೆ. ಕುರಿಗಳು ಉಪಯುಕ್ತ ಪ್ರಾಣಿಗಳು, ಅವುಗಳ ಆರೋಗ್ಯ ಮುಖ್ಯ, ಹೆಚ್ಚಿನ ಮಾಹಿತಿಗೆ ತಜ್ಞರನ್ನು ಸಂಪರ್ಕಿಸಿ ಎಂದು ಬರೆದುಕೊಟ್ಟಿತು. ತಜ್ಞರು ನನ್ನ ಪಕ್ಕದ ಬೆಂಚಿನ ಮೇಲೆ ಕಡ್ಲೆಕಾಯಿ ಸುಲಿಯುತ್ತಿದ್ದರು. ಅದರ ಎಲ್ಲ ಬುದ್ಧಿವಂತಿಕೆಗಳನ್ನೂ ಒಂದೊಂದಾಗಿ ಹುಡುಕಿ ಆಫ್ ಮಾಡುವುದಕ್ಕೆ ಎರಡು ದಿನ ಹಿಡಿಯಿತು.

ನಿಜವಾದ ಜಗಳ ಬಂದದ್ದು ಯಂತ್ರದ ಜೊತೆಗಲ್ಲ. ನಾನು ಓದುತ್ತಿದ್ದೆ, ಅವರು ಕೇಳಿ ಸರಿ ಎನ್ನುತ್ತಿದ್ದರು. ಹೊಟ್ಟೆಯುಬ್ಬರದ ಪುಟ ಬಂತು. ಕುರಿಯ ತಲೆಯನ್ನು ಮೇಲಕ್ಕೆತ್ತಿ, ನಾಲಿಗೆ ಹೊರಗೆಳೆದು, ಎಣ್ಣೆಯನ್ನು ಒಮ್ಮೆಗೇ ಹೊಯ್ಯಬೇಕು ಎಂದಿತ್ತು.

"ತೆಗಿ ಅದನ್ನ," ಎಂದರು.

"ಯಾಕೆ? ನೀವೇ ಹೇಳಿದ್ದು. ನಂಗೆ ನೆನಪಿದೆ."

"ನಾನೇ ಹೇಳಿದ್ದು. ತಪ್ಪು. ತೆಗಿ."

ನಾನು ತೆಗೆಯಲಿಲ್ಲ. ಹುಚ್ಚು ಹಟ ಬಂತು. ಆ ಪುಟಗಳಿಗಾಗಿ ಊರೂರು ತಿರುಗಿದ್ದೇನೆ, ಲಾರಿಗಳ ನಡುವೆ ನಿಂತು ಮುದ್ರಿಸಿದ್ದೇನೆ. ಇದ್ದ ಹಾಗೆಯೇ ಇರಲಿ, ಕೆಳಗೆ ಬೇಕಾದರೆ ಒಂದು ಟಿಪ್ಪಣಿ ಹಾಕೋಣ, ಆ ಕಾಲದ ಬರಹ ಅಲ್ಲವೇ ಎಂದೆ. ಕಾಂಪೌಂಡರು ನನ್ನ ಕಡೆ ತಿರುಗಿದರು. ಕಾಣದ ಕಣ್ಣಿನಲ್ಲೂ ಕೋಪ ಕಾಣುತ್ತಿತ್ತು.

"ಏನಮ್ಮಾ, ಹಳೇದು ಅಂದ್ರೆ ಸರಿ ಅಂತಾನಾ? ರಿಟೈರಾದ್ಮೇಲೆ ನಮ್ಮ ಪಕ್ಕದ ಮನೆಯೋರ ಟಗರಿಗೆ ಹಂಗೇ ಹೊಯ್ದೆ. ನಾನೇ, ಈ ಕೈಯಲ್ಲೇ. ಎಣ್ಣೆ ಹೊಟ್ಟೆಗೆ ಹೋಗ್ಲಿಲ್ಲ, ಉಸಿರುಗೂಡಿಗೆ ಹೋಯ್ತು. ನನ್ ತೊಡೆ ಮೇಲೇ ಸತ್ತೋಯ್ತು. ಅದಕ್ಕೂ ಮುಂಚೆ ಎಷ್ಟು ಸತ್ತಿದ್ವೋ, ನಾನು ಬೇನೇಲಿ ಸತ್ವು ಅಂದ್ಕೊಂಡೆ. ಆ ಸಾಲು ಇರ್ಲಿ ಅಂತೀಯಲ್ಲ, ಓದಿದೋನು ಟಿಪ್ಪಣಿ ಓದ್ತಾನಾ? ಬರಿ: ತಲೆ ಸಮ ಇರ್ಬೇಕು, ನಾಲಿಗೆ ಎಳೀಬಾರ್ದು, ನಿಧಾನಕ್ಕೆ ಬಿಡ್ಬೇಕು."

ಬರೆದೆ. ತರೀಕೆರೆಯ ಆ ಮನುಷ್ಯನನ್ನು ಬಸ್ಸಿನುದ್ದಕ್ಕೂ ಬೈದುಕೊಂಡು ಬಂದವಳು ನಾನು. ಪಾಲಿಶ್ ಮಾಡಿ ಗಾಜಿನೊಳಗೆ ಇಡಲು ಹೊರಟದ್ದು ನಾನೂ ಹೌದು. ಅವನದು ಬರೀ ದೀಪ ಉರಿಯುತ್ತಿತ್ತು. ನನ್ನದು ಕುರಿ ಕೊಲ್ಲುತ್ತಿತ್ತು.

ಅದಾದ ಮೇಲೆ ಅವರು ಹೇಳಿದ ಕಡೆಯಲ್ಲೆಲ್ಲ ತೆಗೆದೆ, ತಿದ್ದಿದೆ. ಹೋದ ಫ್ಲಾಪಿಯ ಭಾಗವನ್ನು ಹೊಸದಾಗಿ ಹೇಳಿದರು. ಹಿಂದಿನದಕ್ಕಿಂತ ಚಿಕ್ಕದಾಯಿತು. ಆದರೆ ಎಲ್ಲೂ ಎಡವಲಿಲ್ಲ. ಒಂದೇ ಒಂದು ಕಡೆ, ತಮ್ಮ ನೋಟ್ ಬುಕ್ಕುಗಳನ್ನು ಒಯ್ದ ಅಧಿಕಾರಿಯನ್ನು ರಕ್ತ ಹೀರುವ ಕುರಿಯುಣ್ಣಿಗೆ ಹೋಲಿಸಿ ಒಂದು ವಾಕ್ಯ ಸೇರಿಸು ಎಂದರು. ಈ ವಿಷಯದಲ್ಲಿ ನಾನು ಗೆದ್ದೆ, ಸೇರಿಸಲಿಲ್ಲ. ಮನಸ್ಸಿನಲ್ಲಿ ಮಾತ್ರ ಸೇರಿಸಿಕೊಂಡೆ.

ಕಾರ್ತಿಕದ ಹೊತ್ತಿಗೆ ಪುಸ್ತಕ ಅಚ್ಚಾಯಿತು. ತೆಳ್ಳಗಿನ ಪುಸ್ತಕ, ದಪ್ಪ ಅಕ್ಷರ. ಮೊದಲ ಪ್ರತಿಯನ್ನು ಕೈಗಿಟ್ಟಾಗ ಕಾಂಪೌಂಡರು ಹಾಳೆಗಳನ್ನು ಬೆರಳಲ್ಲಿ ಎಣಿಸುವಂತೆ ಸರಿಸಿ, "ಕಾಗ್ದ ಒಳ್ಳೇದು ಹಾಕ್ಸಿದೀಯ," ಎಂದರು. ಹೊಗಳಿಕೆ ಅಷ್ಟೇ. ಯಗಟಿಯ ಹುಡುಗರು ಕೊಂಡರಂತೆ. ಒಬ್ಬ ಅದರ ಪುಟಗಳ ಫೋಟೋ ತೆಗೆದು ಮೊಬೈಲಿನಲ್ಲಿ ಹಂಚುತ್ತಿದ್ದಾನೆಂದು ಅವರು ಬೇಸರದಿಂದ ಹೇಳಿದರು. ಬೇಸರ ಅಷ್ಟೇನೂ ಆಳವಾಗಿರಲಿಲ್ಲ.

ಒಂದು ಮಧ್ಯಾಹ್ನ ದೇವನೂರು ಕಡೆಯ ಕುರಿಗಾರ ಹೆಂಗಸೊಬ್ಬಳು ಪುಸ್ತಕ ಕಂಕುಳಲ್ಲಿಟ್ಟುಕೊಂಡು ಅಂಗಡಿಗೆ ಬಂದಳು. ಹಿಂದಿನ ಹಾಳೆಯಲ್ಲಿ ನನ್ನ ಅಂಗಡಿಯ ವಿಳಾಸವಿತ್ತು. ಅವಳಿಗೆ ಓದಲು ಬರುವುದಿಲ್ಲ. ಎರಡು ಕುರಿ ಕುಂಟುತ್ತಿವೆ, ಗೊರಸಿನ ನಡುವೆ ವಾಸನೆ ಬರುತ್ತಿದೆ, ಇದರಲ್ಲಿ ಏನು ಬರೆದಿದೆ ಹೇಳು ಎಂದಳು. ಆಸ್ಪತ್ರೆಗೆ ಹೋಗಮ್ಮ ಎಂದೆ.

"ಅಲ್ಲಿಗೂ ಹೋಯ್ತೀನಿ. ಮೊದ್ಲು ಅಜ್ಜ ಏನ್ ಹೇಳ್ಯಾನೆ ಓದು."

ಹೊಸ ಯಂತ್ರದಲ್ಲಿ ಗೊರಸು ಎಂದು ಬರೆದೆ. ಕಣ್ಣು ಮಿಟುಕಿಸುವಷ್ಟರಲ್ಲಿ ಪುಟ ತಂದಿಟ್ಟಿತು. ಈ ಒಂದು ವಿಷಯದಲ್ಲಿ ಅದು ಚುರುಕು, ಇಲ್ಲವೆನ್ನಲಾರೆ. ಗಟ್ಟಿಯಾಗಿ ಓದಿ ಹೇಳಿದೆ: ಕೆಸರಿನಿಂದ ಒಣ ನೆಲಕ್ಕೆ ಹಾಕುವುದು, ಸತ್ತ ಗೊರಸು ಹೆರೆಯುವುದು, ಹೆರೆದ ಚಾಕುವನ್ನು ಕುದಿಸದೆ ಇನ್ನೊಂದಕ್ಕೆ ಮುಟ್ಟಿಸದಿರುವುದು. ಅವಳು ತಲೆಯಾಡಿಸುತ್ತ ಕೇಳಿ, ಒಂದು ಕಡೆ ತಡೆದಳು.

"ಕುಂಟೋದನ್ನ ಬೇರೆ ಕಟ್ಬೇಕು ಅಂತ ಹೇಳೇ ಇಲ್ವಲ್ಲ ಅಜ್ಜ? ಅದೇ ಮೊದ್ಲು ಮಾಡೋದು."

ನಿಜ, ಇರಲಿಲ್ಲ. ಒಂದು ಚೀಟಿಯಲ್ಲಿ ಬರೆದುಕೊಂಡು, ಕಾಂಪೌಂಡರ ಮನೆಗೆ ಫೋನು ಮಾಡಿದೆ.